ನೀಲಿ ಪಟ್ಟಿಯ ಫ್ಲಾಸ್ಕುಗಳು

ಇನ್‌ಕ್ಯುಬೇಟರಿನ ನಡುವಿನ ತಟ್ಟೆಯಲ್ಲಿ ಆರು ಫ್ಲಾಸ್ಕುಗಳಿರಬೇಕಿತ್ತು. ಮೂರೇ ಇದ್ದವು.

"ಎಲ್ಲಾ ಕಡೆ ಹುಡುಕಿದ್ರಾ?" — ದೊಡ್ಡಮ್ಮ ಕೇಳಿದರು.

"ಕಸದ ಬುಟ್ಟಿನೂ ಬಿಟ್ಟಿಲ್ಲ."

ಉತ್ತರಿಸಿದವಳು ಅಕ್ಕ. ಲ್ಯಾಬಿನ ಹುಡುಗ ಹುಡುಗಿಯರಿಗೆಲ್ಲ ವಯಸ್ಸಿನಲ್ಲಿ ಹಿರಿಯಳೆಂದು ಆ ಹೆಸರು ಬಿದ್ದಿತ್ತು. ಬೆಳಿಗ್ಗೆ ಬಂದು ಬಾಗಿಲು ತೆಗೆದವಳೇ ಹೀಗೆ ನಿಂತುಬಿಟ್ಟಿದ್ದಳಂತೆ. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ದೊಡ್ಡಮ್ಮ ನಮ್ಮ ಸಂಸ್ಥೆಯ ಸುರಕ್ಷಾಧಿಕಾರಿ. ಗ್ಯಾಸ್ ಸೋರಿದರೂ, ಬೀಗ ಕೆಟ್ಟರೂ, ಪಂಜರದ ಇಲಿ ತಪ್ಪಿಸಿಕೊಂಡರೂ ಅವರಿಗೇ ಕರೆ. ನಿರ್ದೇಶಕರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರನ್ನೂ ಬೈಯುತ್ತಾರೆ, ಹಾಗಾಗಿ ದೊಡ್ಡಮ್ಮ. ನಾನು ಅವರ ಸಹಾಯಕ. ಅಂದರೆ ಬೈಸಿಕೊಳ್ಳುವುದಕ್ಕೆ ಸಂಬಳ ಪಡೆಯುವವನು.

"ಏನಿತ್ತು ಅದರಲ್ಲಿ? ಇವನಿಗೂ ಅರ್ಥವಾಗೋ ಹಾಗೆ ಹೇಳು" ಎಂದು ದೊಡ್ಡಮ್ಮ ನನ್ನತ್ತ ಗದ್ದ ತೋರಿಸಿದರು.

ಅಕ್ಕ ಹೇಳಿದಳು. ಅವಳ ತಮ್ಮನಿಗೆ ಸ್ನಾಯುಗಳು ಒಂದೊಂದಾಗಿ ಸೊರಗುತ್ತಾ ಹೋಗುವ ಕಾಯಿಲೆಯಿತ್ತು. ಮನೆಯಲ್ಲಿ ಅವನು ಗುಂಡ. ಓದು ಬಿಟ್ಟು ವರ್ಷಗಟ್ಟಲೆ ಇವಳೇ ಅವನನ್ನು ಎತ್ತಿದಳು, ಇಳಿಸಿದಳು, ಮಗ್ಗುಲು ಬದಲಿಸಿದಳು. ತೀರಿಕೊಳ್ಳುವ ಮುಂಚೆ ಅವನು ತನ್ನ ತೊಡೆಯಿಂದ ಒಂದು ಚೂರು ಮಾಂಸಖಂಡ ಕೊಟ್ಟುಹೋದ. ಅದರ ಜೀವಕೋಶಗಳು ಮೂರು ಫ್ಲಾಸ್ಕಿನಲ್ಲಿ. ಹೋಲಿಸಿ ನೋಡಲು ಆರೋಗ್ಯವಂತರ ಕೋಶ ಬೇಕಲ್ಲ, ಅದಕ್ಕೆ ತನ್ನ ಕಾಲಿನಿಂದಲೇ ತೆಗೆಸಿಕೊಂಡಳು. ಅದು ಇನ್ನು ಮೂರರಲ್ಲಿ. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿಗಳು, ಸದಾ ಮೈಬಿಸಿಯಷ್ಟು ಬೆಚ್ಚಗಿರಬೇಕು. ಎರಡಕ್ಕೂ ತಿಂಗಳುಗಟ್ಟಲೆ ಹೊಸ ಔಷಧ ಹಾಕಿ ಬೆಳೆಸಿದ್ದಳು. ಇವತ್ತು ಸೂಕ್ಷ್ಮದರ್ಶಕದಡಿ ಎಣಿಸಬೇಕಿತ್ತು.

"ಸೋಮವಾರ ಫೆಲೋಶಿಪ್ಪಿನ ಕೊನೆ ಸಂದರ್ಶನ, ದೊಡ್ಡಮ್ಮ. ಪಿಎಚ್‌ಡಿ ಮುಗಿಯೋವರೆಗೂ ಅವರೇ ಖರ್ಚು ನೋಡ್ಕೋತಾರೆ. ಈ ಎಣಿಕೆ ಇಲ್ಲದೆ ಹೋದ್ರೆ ಒಳಗೇ ಬಿಡಲ್ಲ."

"ಮುಂದಿನ ವರ್ಷ ಹಾಕಿದ್ರಾಯ್ತು."

"ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತೆ."

ದೊಡ್ಡಮ್ಮ ಗಂಟಲು ಸರಿಮಾಡಿಕೊಂಡರು. "ಕಳ್ಳತನ ಆದ್ರೆ ದಿನ ಮುಂದಕ್ಕೆ ಹಾಕ್ತಾರೆ ಅಂತ ಒಂದು ನಿಯಮ ಇದೆಯಲ್ಲ?"

"ಇದೆ. ಆದ್ರೆ ಕದ್ದೋರು ಯಾರು ಅಂತ ಸುರಕ್ಷಾಧಿಕಾರಿ ಹೆಸರು ಹಾಕಿ ಬರೆದುಕೊಡಬೇಕು. ಪೊಲೀಸ್ ದೂರಿನ ಜೊತೆ."

"ಬರೆದುಕೊಡ್ತೀನಿ. ಯಾರೇ ಆಗಿರಲಿ, ಸಂಜೆಯೊಳಗೆ ಹೆಸರು ನಿನ್ನ ಕೈಲಿರುತ್ತೆ" ಎಂದರು ದೊಡ್ಡಮ್ಮ. ಅವರು ಮಾತು ಕೊಡುವುದು ಅಪರೂಪ. ಕೊಡಬಾರದಿತ್ತು ಅಂತ ಈಗ ಅನಿಸುತ್ತದೆ.

ಹೋಗಿದ್ದವು ನೀಲಿ ಪಟ್ಟಿ ಅಂಟಿಸಿದ ಮೂರು. ಉಳಿದಿದ್ದವು ಹಳದಿ ಪಟ್ಟಿಯವು.

"ನೀಲಿ ಯಾರದು?"

"ಮೊದಲಿಂದ ನೀಲಿ ಗುಂಡನದು, ಹಳದಿ ನಂದು. ಆದ್ರೆ ಮೊನ್ನೆ ಸಂಜೆಯಿಂದ..." ಅಕ್ಕ ತಡವರಿಸಿದಳು. "ಈಗ ನಂಗೂ ಗೊತ್ತಿಲ್ಲ."

"ಇದೇನಿದು ಹೊಸ ಕಥೆ?"

ಕಥೆಯಲ್ಲ, ಪದ್ಧತಿ. ಎಣಿಸುವವರಿಗೆ ಯಾವುದು ಯಾರದೆಂದು ಗೊತ್ತಿದ್ದರೆ ಕಣ್ಣು ಮೋಸ ಮಾಡುತ್ತದಂತೆ. ಬೇಕಾದ ಕಡೆ ನಾಲ್ಕು ಹೆಚ್ಚು ಕಾಣುತ್ತದೆ. ಅದಕ್ಕೆ ಎಣಿಕೆಗೆ ಮುಂಚೆ ಬೇರೊಬ್ಬರು ಗುಟ್ಟಾಗಿ ಪಟ್ಟಿ ಕಿತ್ತು ಹೊಸದಾಗಿ ಅಂಟಿಸುತ್ತಾರೆ. ಬಣ್ಣ ಅದಲು ಬದಲಾಗಿರಬಹುದು, ಮೊದಲಿನಂತೆಯೇ ಇರಬಹುದು. ಅಂಟಿಸಿದವರಿಗೆ ಮಾತ್ರ ಗೊತ್ತು.

"ಅಂಟಿಸಿದ್ದು ಯಾರು?"

"ನಾನು" ಎಂದ ಸೋಡಾಬುಡ್ಡಿ.

ದಪ್ಪ ಕನ್ನಡಕದ ಈ ಮಹಾನುಭಾವ ಅಕ್ಕನ ಪಕ್ಕದ ಮೇಜಿನವನು. ಅದೇ ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದಾನೆ. ಅದೇ ಸೋಮವಾರ ಅವನದೂ ಸಂದರ್ಶನ. ಕಳ್ಳ ಸಿಕ್ಕಿದ, ಊಟದ ಹೊತ್ತಿಗೆ ಮನೆಗೆ ಹೋಗಬಹುದು ಎಂದುಕೊಂಡೆ.

"ನೀಲಿ ಈಗ ಯಾರದಪ್ಪಾ?"

"ಹೇಳೋ ಹಾಗಿಲ್ಲ."

"ಏನಂದೆ?"

"ಎಣಿಕೆ ಮುಗಿಯೋವರೆಗೆ ಹೇಳಬಾರದು. ನಿಯಮ."

"ಎಣಿಸೋಕೆ ಏನುಳಿದಿದೆಯೋ, ನಿನ್ನ ತಲೆ!"

"ಸಿಕ್ಕಿದ್ರೆ? ಇವತ್ತೇ ವಾಪಸ್ ಸಿಕ್ಕಿದ್ರೆ ಇನ್ನೂ ಎಣಿಸಬಹುದು. ನಾನು ಬಾಯಿಬಿಟ್ರೆ ಅವಳ ಶ್ರಮ ಎಲ್ಲಾ ಹಾಳು." ಅವನು ಕೈಕಟ್ಟಿಕೊಂಡು ನಿಂತ. ಹಟವೋ, ನಾಟಕವೋ? ನನಗೆ ನಾಟಕವೆಂದೇ ಅನಿಸಿತು.

ಅಕ್ಕನ ಸಂಶೋಧನೆಗೆ ಮಾರ್ಗದರ್ಶಕರಾದ ಗೈಡ್ ಸರ್ ಬಂದರು. ಅವರನ್ನೂ ದೊಡ್ಡಮ್ಮ ಬಿಡಲಿಲ್ಲ.

"ಇವಳು ಫೆಲೋಶಿಪ್ ತಗೊಂಡು ಬೇರೆ ಕಡೆ ಹೋದ್ರೆ ನಿಮ್ಮ ಪ್ರಾಜೆಕ್ಟಿನ ಕತ್ತೆ ದುಡಿಮೆ ಮಾಡೋರು ಯಾರು, ಸರ್?"

"ಏನ್ ಮಾತಾಡ್ತಿದೀರಿ ನೀವು? ಅವಳ ಪರವಾಗಿ ಶಿಫಾರಸು ಬರೆದೋನು ನಾನು! ಪಟ್ಟಿ ಬದಲಿಸು ಅಂತ ಇವನಿಗೆ ಹೇಳಿದೋನೂ ನಾನೇ. ನಿನ್ನೆ ಮಧ್ಯಾಹ್ನ ಪೂರ್ತಿ ನನ್ನ ಕೋಣೇಲಿ ಅವಳಿಗೆ ಸಂದರ್ಶನದ ತಾಲೀಮು ಮಾಡಿಸ್ತಿದ್ದೆ. ಕೇಳಿ ಬೇಕಾದ್ರೆ."

ಅಕ್ಕ ತಲೆಯಾಡಿಸಿದಳು.

ಇನ್‌ಕ್ಯುಬೇಟರಿನ ಕೋಣೆಗೆ ಕಾರ್ಡ್ ತೋರಿಸಿದರೆ ತೆರೆಯುವ ಬೀಗ. ಬೀಗದ ದಾಖಲೆ ನೋಡಿದರೆ, ನಿನ್ನೆ ಮಧ್ಯಾಹ್ನ ಅದನ್ನು ತೆರೆದದ್ದು ಒಂದೇ ಒಂದು ಕಾರ್ಡ್ — ಅಕ್ಕನದೇ! ಅವಳು ಗೈಡ್ ಸರ್ ಮುಂದೆ ಕೂತಿದ್ದ ಹೊತ್ತಿನಲ್ಲಿ.

"ಕಾರ್ಡ್ ಎಲ್ಲಿತ್ತು?"

"ಕೋಟಿನ ಜೇಬಲ್ಲಿ. ಕೋಟು ಊಟದ ಕೋಣೆ ಗೂಟದ ಮೇಲೆ."

ಊಟದ ಕೋಣೆಗೆ ಯಾರು ಬೇಕಾದರೂ ಬರಬಹುದು. ದೊಡ್ಡಮ್ಮ ಮತ್ತೆ ಇನ್‌ಕ್ಯುಬೇಟರಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನೀಲಿ ಹಿಂದಿತ್ತೋ ಮುಂದಿತ್ತೋ?"

"ಹಿಂದೆ. ಹಳದಿ ಮುಂದೆ."

"ಮುಂದಿನದನ್ನ ಸರಿಸಿ, ಹಿಂದಿನದನ್ನ ತಗೊಂಡು, ಮುಂದಿನದನ್ನ ಮತ್ತೆ ಸಾಲಾಗಿಟ್ಟು ಬಾಗಿಲು ಹಾಕಿದಾರೆ" ಎಂದು ಗೊಣಗಿಕೊಂಡರು. "ಮಗು ಮಲಗಿರೋ ಕೋಣೆ ಬಾಗಿಲು ಹಾಕಿದ ಹಾಗೆ."

ಹಾಳುಮಾಡಲು ಬಂದವನಿಗೆ ಇಷ್ಟು ನಾಜೂಕೇಕೆ ಎಂದು ನನಗೂ ಅನಿಸಿತು. ಆದರೆ ನನಗೆ ಅನಿಸಿದ್ದನ್ನು ಯಾರು ಕೇಳುತ್ತಾರೆ?

ಊಟದ ಕೋಣೆಗೆ ಹೋದೆವು. ಉದ್ದ ಮೇಜು, ಸದಾ ತೊಟ್ಟಿಕ್ಕುವ ನಲ್ಲಿ, ಗೂಟದ ಮೇಲೆ ಬಿಳಿ ಕೋಟುಗಳು. ಮೇಜಿನ ಮೂಲೆಯಲ್ಲಿ ಒಂದರ ಮೇಲೊಂದಿಟ್ಟ ಮೂರು ಸ್ಟೀಲ್ ಡಬ್ಬಿ.

"ಇದು ಯಾರದೋ?"

"ಅಕ್ಕನದು, ದೊಡ್ಡಮ್ಮ" ಎಂದೆ ನಾನು. "ಅವರಮ್ಮ ದಿನಾ ಮಧ್ಯಾಹ್ನ ದಪ್ಪ ಚೀಲದಲ್ಲಿ ಬಿಸಿಬಿಸಿ ತಂದುಕೊಡ್ತಾರೆ. ತರದೇ ಹೋದ್ರೆ ಇವಳು ಉಣ್ಣೋದೇ ಮರೀತಾಳೆ. ನಿನ್ನೆ ತಾಲೀಮು ಅಂತ ಅಕ್ಕ ಉಣ್ಣೋಕೇ ಬರಲಿಲ್ಲ, ಹಾಗಾಗಿ..."

"ಹಾಗಾಗಿ ನೀನು ಮುಗಿಸಿದೆ."

"ಹಾಳಾಗುತ್ತಲ್ಲ ಅಂತ..."

"ಬಿಸಿ ಇತ್ತಾ?"

"ಇಲ್ಲ. ತಣ್ಣಗಾಗಿತ್ತು. ಎಂದೂ ಹಾಗಾಗಲ್ಲ."

ದೊಡ್ಡಮ್ಮ ಡಬ್ಬಿಗಳನ್ನೇ ನೋಡುತ್ತಾ ನಿಂತರು. ಸಾಮಾನ್ಯವಾಗಿ ಇಂಥಾ ಹೊತ್ತಲ್ಲಿ ಅವರ ಮುಖ ಅರಳುತ್ತದೆ. ಇವತ್ತು ಬಾಡಿತು. ಸೋಡಾಬುಡ್ಡಿಯನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಅಂದರು: "ಇನ್ನು ಅವು ವಾಪಸ್ ಬರಲ್ಲ ಕಣಪ್ಪಾ. ಈಗ ಹೇಳು." ಅವನು ಅವರ ಕಿವಿಯಲ್ಲಿ ಏನೋ ಹೇಳಿದ. ಹೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನನ್ನ ಕಳ್ಳ ಕೈತಪ್ಪಿದ.

"ಗಾಡಿ ತೆಗಿ" ಎಂದರು ನನಗೆ. "ಅವಳನ್ನೂ ಕರಿ. ಅವಳ ಮನೆಗೆ ಹೋಗೋಣ."

"ನಮ್ಮನೆಗೆ? ಯಾಕೆ?" ಅಕ್ಕ ಕೇಳಿದಳು. ದೊಡ್ಡಮ್ಮ ಆಗಲೇ ಗಾಡಿಯ ಕಡೆ ನಡೆದಿದ್ದರು.

ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಗಾಲಿಕುರ್ಚಿ ದಾಟಲೆಂದು ಹೊಸ್ತಿಲು ತೆಗೆಸಿದ ಜಾಗದಲ್ಲಿ ಸಿಮೆಂಟು ಮೆತ್ತಿದ್ದರು. ಬಾಗಿಲು ತೆಗೆದವರು ಅಮ್ಮ. ಸಣ್ಣ ದೇಹ, ನಿದ್ದೆಗೆಟ್ಟ ಕಣ್ಣು. ನಮ್ಮನ್ನು ನೋಡಿ, ಮಗಳ ಮುಖ ನೋಡಿ, ಏನೂ ಕೇಳದೆ ಕುರ್ಚಿ ಸರಿಸಿದರು.

"ಅಮ್ಮಾ, ನಾನು ಹೇಳ್ತೀನಿ. ತಪ್ಪಿದ್ರೆ ಹೇಳಿ" ಎಂದರು ದೊಡ್ಡಮ್ಮ. ಅವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ.

"ನಾವೆಲ್ಲ ನೋಡಿಯೂ ಬಿಟ್ಟಿದ್ದು ಆ ಡಬ್ಬಿಗಳನ್ನ. ಡಬ್ಬಿ ಮೇಜಿನ ಮೇಲಿತ್ತು. ಊಟ ಬಿಸಿಯಾಗಿಡೋ ದಪ್ಪ ಚೀಲ ಎಲ್ಲಿ? ಡಬ್ಬಿ ಹೊರಗಿಟ್ಟು ಚೀಲ ಮಾತ್ರ ವಾಪಸ್ ಒಯ್ದಿದಾರೆ. ಅಂದ್ರೆ ಬಿಸಿಯಾಗಿಡಬೇಕಾದ ಬೇರೆ ಏನೋ ಅದರೊಳಗೆ ಹೋಗಿದೆ."

ಅಕ್ಕ ಅಮ್ಮನತ್ತ ತಿರುಗಿದಳು. ಅಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

"ಎರಡನೇದು ಬಣ್ಣ. ಲ್ಯಾಬಿನೋರಿಗೆಲ್ಲ ಗೊತ್ತು, ಎಣಿಕೆಗೆ ಮುಂಚೆ ಬಣ್ಣ ನಂಬೋ ಹಾಗಿಲ್ಲ. ಕೆಡಿಸೋಕೆ ಬಂದೋರು ಆರೂ ಒಯ್ತಿದ್ರು, ಇಲ್ಲಾ ಎದುರಿಗೆ ಸಿಕ್ಕ ಹಳದಿ ಒಯ್ತಿದ್ರು. ಇವರು ಹಳದಿ ಸರಿಸಿ, ಹುಡುಕಿ, ನೀಲೀನೇ ತಗೊಂಡಿದಾರೆ. ನೀಲಿ ಅಂದ್ರೆ ಗುಂಡ ಅಂತ ಯಾವಾಗಲೋ ಕೇಳಿದೋರು. ಪಟ್ಟಿ ಬದಲಾಗೋ ಪದ್ಧತಿ ತಿಳೀದೋರು. ಮಗಳ ಕೋಟು ಯಾವುದು ಅಂತ ಗೂಟದ ಮೇಲೆ ಗುರುತು ಹಿಡಿಯೋರು." ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. "ಅಮ್ಮಾ, ತಗೊಂಡೋರು ನೀವು."

ಅಮ್ಮ ಎದ್ದು ಒಳಕೋಣೆಯ ಪರದೆ ಸರಿಸಿದರು.

ಗುಂಡನ ಮಂಚ. ತಲೆಯ ಕಡೆ ಎತ್ತರಿಸಿದ್ದು ಹಾಗೇ ಇತ್ತು. ಉಣ್ಣೆಯ ಶಾಲಿನ ಮಧ್ಯೆ ಬಿಸಿನೀರಿನ ರಬ್ಬರ್ ಚೀಲ, ಅದರ ಮೇಲೆ ಮೂರು ಫ್ಲಾಸ್ಕು.

"ರಾತ್ರಿ ಅವಚಿಕೊಂಡೇ ಮಲಗಿದ್ದೆ" ಎಂದರು ಅಮ್ಮ. "ಉಸಿರಾಡ್ಲಿ ಅಂತ ಮುಚ್ಚಳ ಸಡಿಲ ಬಿಟ್ಟಿದೀನಿ. ಯಾಕೋ ಬಣ್ಣ ತಿರುಗ್ತಿದೆ ಕಣೇ, ನೋಡು."

ಕೆಂಪಗಿರಬೇಕಾದ ದ್ರವ ನೇರಳೆಗೆ ತಿರುಗಿತ್ತು. ಅಕ್ಕ ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತಳಕ್ಕೆ ಅಂಟಿಕೊಂಡು ಬದುಕಬೇಕಾದವು ಕಿತ್ತುಬಂದು ಪೊರೆಪೊರೆಯಾಗಿ ತೇಲುತ್ತಿದ್ದವು.

"ಯಾಕಮ್ಮಾ ಹೀಗೆ ಮಾಡ್ದೆ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಏನು ಕೇಳ್ಲಿ? ವಾರದಿಂದ ಕನ್ನಡಿ ಮುಂದೆ ನಿಂತು ನೀನೇ ಹೇಳ್ತಿದ್ದೆ. ಕೊನೇಲಿ ಕೋಶಗಳನ್ನ ಕೊಂದು, ಬಣ್ಣ ಹಾಕಿ, ಎಣಿಸ್ತೇವೆ ಅಂತ. ನಗ್ತಾ ನಗ್ತಾ ಹೇಳೋದು ಅಭ್ಯಾಸ ಮಾಡ್ತಿದ್ದೆ." ಅಮ್ಮ ಶಾಲನ್ನು ಹತ್ತಿರಕ್ಕೆಳೆದುಕೊಂಡರು. "ನೀಲೀದು ನಮ್ಮ ಗುಂಡ, ಇನ್ನೂ ಬೆಳೀತಿದಾನೆ ಅಂತ ಆ ಪೆಟ್ಟಿಗೆಯ ಗಾಜಿನ ಬಾಗಿಲಿಂದ ತೋರಿಸಿದೋಳೂ ನೀನೇ. ಒಂದ್ಸಲ ಕಣ್ಮುಂದೆ ಹೋಗಿದಾನೆ. ಇನ್ನೊಂದ್ಸಲ ಕೊಲ್ಲೋಕೆ ಬಿಡ್ಲಾ?"

ನಾನು ಗೋಡೆಯ ಕಡೆ ತಿರುಗಿ ನಿಂತೆ.

"ಹೇಳೇ" ಎಂದರು ಅಮ್ಮ. "ಹೋಗ್ಬಿಟ್ನಾ?"

ಅಕ್ಕ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಮೆಲ್ಲಗೆ ತಲೆ ಅಲ್ಲಾಡಿಸಿದರು. "ಬಣ್ಣ ಅದಲು ಬದಲಾಗಿತ್ತು. ಹಳದಿ ಅವನದು."

ಅಕ್ಕ ಮಂಚದ ಅಂಚಿನಲ್ಲಿ ಕೂತು ಅಮ್ಮನ ಎರಡೂ ಕೈ ಹಿಡಿದುಕೊಂಡಳು.

"ಇವನು ಗುಂಡ ಅಲ್ಲಮ್ಮಾ. ಗುಂಡ ಲ್ಯಾಬಲ್ಲೇ ಇದಾನೆ, ಚೆನ್ನಾಗಿದಾನೆ. ಇದು ನಂದು. ನನ್ನ ಕಾಲಿಂದ ತೆಗೆದಿದ್ದು."

"ನಿಂದಾ?"

"ನಂದು."

ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ನಿನ್ನೆಯಿಂದ ಹಿಡಿದಿಟ್ಟಿದ್ದ ಉಸಿರೆಲ್ಲ ಒಟ್ಟಿಗೇ ಹೊರಬಂತು.

"ಸದ್ಯ!" ಎಂದರು.

ಆ ಮಾತಿನಲ್ಲಿ ಕೇಡಿರಲಿಲ್ಲ, ಅದು ನನಗೆ ಗೊತ್ತು. ಆದರೂ ಅದನ್ನು ಕೇಳಿದಾಗ ಅಕ್ಕನ ಮುಖ ಹೇಗಾಯಿತೆಂದು ಬರೆಯಲು ನನ್ನಿಂದಾಗದು. ಅವಳು ಅಮ್ಮನ ಕೈ ಬಿಡಲಿಲ್ಲ, ಅಷ್ಟೇ.

ದೊಡ್ಡಮ್ಮ ಅವಳನ್ನು ಮೆಟ್ಟಿಲ ಬಳಿ ಕರೆದರು.

"ನೋಡು, ಹೆಸರು ಬರೆದ್ರೆ ಸಂದರ್ಶನ ಮುಂದಕ್ಕೆ ಹೋಗುತ್ತೆ. ಮತ್ತೆ ಬೆಳೆಸ್ಕೋಬಹುದು. ದೂರು ಅಂದ್ರೆ ಪೊಲೀಸರು ಒಂದು ಸಲ ಮನೆಗೆ ಬರ್ತಾರೆ, ಆಮೇಲೆ ನಾನು ಮಾತಾಡ್ತೀನಿ..."

"ಬೇಡ."

"ಇಷ್ಟು ವರ್ಷದ ಒದ್ದಾಟ ಕಣೇ!"

"ನನ್ನ ಕೈ ಜಾರಿ ಬಿದ್ದು ಚೆಲ್ಲಿಹೋಯ್ತು ಅಂತ ಬರೀರಿ, ದೊಡ್ಡಮ್ಮ."

"ಕೈ ಜಾರಿದ್ರೆ ಅವರು ಒಂದು ದಿನವೂ ಕೊಡಲ್ಲ."

"ಗೊತ್ತು."

ದೊಡ್ಡಮ್ಮ ಬೈಯಲು ಬಾಯಿ ತೆರೆದರು. ಬೈಯದೆ ಅವಳ ತಲೆಯನ್ನು ಒಮ್ಮೆ ತಮ್ಮ ಭುಜಕ್ಕೆ ಒತ್ತಿಕೊಂಡು, "ಹೇಳಿದ ಹಾಗೆ ಬರಿಯೋ" ಎಂದು ನನಗೆ ಅಂದರು.

ಅಮ್ಮ ಬಾಗಿಲಿಗೆ ಬಂದರು. ಮುಖ ತೊಳೆದುಕೊಂಡಿದ್ದರು, ಹಗುರಾಗಿ ಕಂಡರು. ಮಗಳಿಗೆ ತೊಂದರೆ ಕೊಟ್ಟೆನಲ್ಲ ಎಂಬ ಅಳುಕು ಆಗಷ್ಟೇ ಕಣ್ಣಿಗೆ ಬಂದಿತ್ತು.

"ಸೋಮವಾರದೊಳಗೆ ಮತ್ತೆ ಬೆಳೆಸ್ಕೋಬಹುದಲ್ವೇನೇ? ನೀನು ಇದೀಯಲ್ಲ."

ಆಗುವುದಿಲ್ಲವೆಂದು ಅಲ್ಲಿದ್ದವರಲ್ಲಿ ಅಮ್ಮನೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಹೂಂ ಅಮ್ಮಾ" ಎಂದಳು ಅಕ್ಕ. "ಬೆಳೆಸ್ಕೋತೀನಿ."