ಹದಿನಾಲ್ಕು ಸಹಿಗಳು

"ಸಹಿ ಹಾಕಲ್ಲ ಅಂದ್ರಂತೆ! ಯಾಕೆ ಅಂತ ಕೇಳೋಕೆ ಬಂದಿದ್ದೀನಿ!"

ವಾರ್ಡಿನ ಬಾಗಿಲಲ್ಲಿ ನಿಂತು ಅವಳು ಕೇಳಿದ ರೀತಿಗೆ, ಮೂರನೇ ಹಾಸಿಗೆಯ ಅಜ್ಜ ಕುಡಿಯುತ್ತಿದ್ದ ನೀರಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ಅವಳು ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಇಡೀ ಹಾಸ್ಟೆಲ್ಲಿಗೆ 'ಅಕ್ಕ'. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. ಅಮ್ಮ ಇದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಒಗೆಯುತ್ತಾಳೆ. ತನ್ನ ಹಾಗೆಯೇ ಮೊದಲಿಗರಾಗಿ ಬಂದ ಹುಡುಗಿಯರನ್ನು ಪ್ರತಿ ಸಂಜೆ ಕಾಲೇಜಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರಿಸಿಕೊಂಡು, ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಹೇಳಿಕೊಡುತ್ತಾಳೆ.

ಎದುರಿಗಿದ್ದವನು ಎಂ.ಎಸ್ಸಿ. ಓದುತ್ತಾ, ಮೊದಲ ವರ್ಷದವರಿಗೆ ವಾರ್ಡಿನಲ್ಲಿ ಕೆಲಸ ಕಲಿಸುವವನು. ಕಡ್ಡಿ ಮುರಿದ ಹಾಗೆ ಮಾತಾಡುತ್ತಾನೆಂದು ಹುಡುಗಿಯರು ಇಟ್ಟ ಹೆಸರು 'ಕಡ್ಡಿ ಸರ್'. ಅವನನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಕಣ್ಣು ಚೆನ್ನಾಗಿವೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು!

"ಗುಬ್ಬಿ ವಿಷಯಾನಾ?" ಅವನು ಕೇಳಿದ. ಮೊದಲ ವರ್ಷದ ಆ ಪುಟ್ಟ ಹುಡುಗಿಯನ್ನು ಎಲ್ಲರೂ ಕರೆಯುವುದೇ ಗುಬ್ಬಿ ಎಂದು.

"ಹೌದು! ಬ್ಯಾಂಡೇಜು, ಬಿ.ಪಿ., ಇಂಜೆಕ್ಷನ್ನು... ಎಲ್ಲಾ ಅವಳು ಮಾಡಿದ್ದಾಳೆ. ಆವತ್ತಾವತ್ತೇ ಲಾಗ್ ಬುಕ್ಕಿಗೆ ಸಹಿ ತಗೋಬೇಕು ಅಂತ ಗೊತ್ತಿರಲಿಲ್ಲ ಅಷ್ಟೆ. ವರ್ಷದ ಕೊನೆಗೆ ಟೀಚರ್ರೇ ತುಂಬ್ತಾರೆ ಅಂದ್ಕೊಂಡಿದ್ಲು. ಹದಿನಾಲ್ಕು ಸಹಿ, ಸರ್! ನಿಮ್ಮ ಪೆನ್ನಿಗೆ ಎರಡು ನಿಮಿಷದ ಕೆಲಸ!"

"ಕಣ್ಣಾರೆ ನೋಡಿಲ್ಲ. ನೋಡದೇ ಇರೋದಕ್ಕೆ ನಾನು ಸಹಿ ಹಾಕಲ್ಲ."

"ಶನಿವಾರ ಐದು ಗಂಟೆ ಒಳಗೆ ಪುಸ್ತಕ ತುಂಬದೇ ಇದ್ರೆ ಪರೀಕ್ಷೆಗೇ ಕೂರಿಸಲ್ಲ! ಒಂದು ವರ್ಷ ಹೋದ್ರೆ ಅವಳ ಅಪ್ಪ ಮತ್ತೆ ಕಳಿಸಲ್ಲ ಅಂದಿದ್ದಾರೆ. ಗೊತ್ತಾ ನಿಮಗೆ?"

"ಅವಳಿಗೆ ಏನು ಹೇಳಬೇಕೋ ನಿನ್ನೆನೇ ಹೇಳಿದ್ದೀನಿ. ಅವಳನ್ನೇ ಕೇಳಿ."

ಅಷ್ಟೇ! ಆ ಮನುಷ್ಯ ಇನ್ನೆರಡು ಮಾತು ಹೆಚ್ಚಿಗೆ ಆಡಿದ್ದರೆ ಗಂಟೇನು ಹೋಗುತ್ತಿತ್ತು, ನೀವೇ ಹೇಳಿ. ಆಡಲಿಲ್ಲ. ಅವಳ ಪಿತ್ತ ನೆತ್ತಿಗೇರಿತು.

"ನಿಮಗೆಲ್ಲಿ ಅರ್ಥ ಆಗುತ್ತೆ ಸರ್! ನಿಮ್ಮನೇಲಿ ಅಣ್ಣ, ಚಿಕ್ಕಪ್ಪ ಎಲ್ಲಾ ಓದಿದೋರಿರ್ತಾರೆ. ಊಟಕ್ಕೆ ಕೂತಾಗಲೇ ಇದನ್ನೆಲ್ಲ ಹೇಳ್ಕೊಟ್ಟಿರ್ತಾರೆ. ನಮಗೆ ಯಾರಿದ್ದಾರೆ?"

ಅವನು ಟ್ರೇ ಎತ್ತಿಕೊಂಡು ಹೊರಟುಹೋದ.

'ಎಷ್ಟು ಸೊಕ್ಕು!' ಅಂದುಕೊಂಡಳು ಅಕ್ಕ. ಮರುದಿನ, ಬುಧವಾರ, ಪ್ರಿನ್ಸಿಪಾಲರ ಮೇಜಿನ ಮೇಲೆ ಎರಡು ಪುಟದ ದೂರು ಬಿದ್ದಿತ್ತು.

ಬರೆದು ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಸಿಟ್ಟಿನ ಅಡಿಯಲ್ಲಿ ಇನ್ನೇನೋ ಚುಚ್ಚುತ್ತಿತ್ತು. ಸಹಿಯ ಮಾತನ್ನು ತಾನೂ ಗುಬ್ಬಿಗೆ ಹೇಳಿರಲಿಲ್ಲ. ಪೆಟ್ಟು ತಿಂದು ಕಲಿತದ್ದು ಈಗ ಅಭ್ಯಾಸವಾಗಿಬಿಟ್ಟು, ಹೇಳಬೇಕೆಂದು ಹೊಳೆದೇ ಇರಲಿಲ್ಲ...

ಗುರುವಾರ ಬೆಳಗ್ಗೆ ಅಮ್ಮನಿಗೆ ಶೀಟಿನ ಗಾಡಿ ತಳ್ಳಿಕೊಡಲು ಹೋದಾಗ, ಅಮ್ಮ ತಾನಾಗಿಯೇ ಮಾತು ತೆಗೆದಳು.

"ಪಾಪ ಕಣೇ, ಆ ಹುಡುಗ. ಮೂರು ದಿನದಿಂದ ಆರು ಗಂಟೆಗೇ ವಾರ್ಡಲ್ಲಿ ಟ್ರೇ ಜೋಡಿಸ್ಕೊಂಡು ಕೂತಿರ್ತಾನೆ. ಯಾವಳೋ ಹುಡುಗಿಗೆ ಬಿಟ್ಟುಹೋದ ಕೆಲಸ ಎಲ್ಲಾ ಮತ್ತೆ ಮಾಡಿಸ್ಬೇಕಂತೆ. ಅಜ್ಜಂದಿರನ್ನೆಲ್ಲ ಕೇಳಿ ಒಪ್ಪಿಸಿದ್ದಾನೆ. ಆ ಮಹಾರಾಣಿ ಬರೋದೇ ಇಲ್ಲ!"

ಗಾಡಿ ನಿಂತಿತು.

"ಯಾವ ಹುಡುಗ ಅಮ್ಮ?"

"ಅದೇ, ಮೊದಲ ವರ್ಷದೋರಿಗೆ ಕಲಿಸ್ತಾನಲ್ಲ, ನಮ್ಮ ಕ್ಷೌರದಣ್ಣನ ಮಗ. ಆಪರೇಷನ್‌ಗೆ ಮುಂಚೆ ರೋಗಿಗಳಿಗೆ ಶೇವ್ ಮಾಡ್ತಿದ್ರಲ್ಲ, ಅವರು. ಸೈನ್ ಮಾಡೋಕೂ ಬರ್ತಿರಲಿಲ್ಲ, ಸಂಬಳಕ್ಕೆ ಹೆಬ್ಬೆಟ್ಟು ಒತ್ತೋರು. ಮಗನ್ನ ಹೇಗೆ ಓದಿಸಿದ್ರು ನೋಡು!"

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. 'ಊಟಕ್ಕೆ ಕೂತಾಗಲೇ ಹೇಳ್ಕೊಟ್ಟಿರ್ತಾರೆ...' ತನ್ನದೇ ಮಾತು ಈಗ ತನ್ನ ಕೆನ್ನೆಗೆ ಬಾರಿಸಿತು.

ಓಡಿದಳು. ಹಾಸ್ಟೆಲಿನ ಮಂಚದ ಮೇಲೆ ಮುದುಡಿ ಕೂತಿದ್ದ ಗುಬ್ಬಿಯನ್ನು ಹಿಡಿದು ಕೇಳಿದಳು.

"ಕಡ್ಡಿ ಸರ್ ನಿನಗೆ ಬರೋಕೆ ಹೇಳಿದ್ರಾ?"

"ಹೂಂ ಅಕ್ಕಾ... 'ಬೆಳಗ್ಗೆ ಆರಕ್ಕೆ ವಾರ್ಡಿಗೆ ಬಂದು ನನ್ನ ನೋಡು' ಅಂದ್ರು."

"ಮತ್ತೆ ಹೋಗಲಿಲ್ಲ ಯಾಕೆ? ನನಗಾದ್ರೂ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತಕ್ಕಾ!" ಗುಬ್ಬಿ ಬಿಕ್ಕಿದಳು. "ನಮ್ಮಪ್ಪಂಗೆ ಫ್ಯಾಕ್ಟರಿಲಿ ಮೇನೇಜರ್ರು 'ಬೆಳಗ್ಗೆ ಬಂದು ನೋಡು' ಅಂದಿದ್ರು. ಹೋದ ತಕ್ಷಣ ಕೆಲಸದಿಂದ ತೆಗೆದ್ರು. ನನ್ನೂ ಕಾಲೇಜಿಂದ ತೆಗೀತಾರೆ ಅಂದ್ಕೊಂಡೆ..."

ಬೈಯಲು ಹೊರಟಿದ್ದ ಅಕ್ಕ ಅವಳ ಪಕ್ಕ ಕೂತಳು. ಗುಬ್ಬಿಯದೇನು ತಪ್ಪು? ದೊಡ್ಡವರು ಕರೆದರೆ ಸಹಾಯಕ್ಕೂ ಕರೆಯಬಹುದು ಎಂದು ಆ ಮನೆಗೆ ಯಾರು, ಯಾವತ್ತು ತೋರಿಸಿದ್ದರು?

ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಗೆ ಅಕ್ಕನಿಗೂ ಕಡ್ಡಿ ಸರ್‌ಗೂ ಬುಲಾವ್ ಬಂತು. ಅವನು ಗೋಡೆಯ ಪಕ್ಕ ನಿಂತಿದ್ದ. ಅವಳತ್ತ ನೋಡಲೂ ಇಲ್ಲ.

"ಮೇಡಂ, ದೂರು ವಾಪಸ್ ತಗೋತೀನಿ. ತಪ್ಪು ನಂದು," ಅಂದಳು ಅವಳು. "ಗುಬ್ಬಿಗೆ ಶನಿವಾರದವರೆಗೆ ಎರಡೂ ಹೊತ್ತು ವಾರ್ಡಲ್ಲಿ ಕೆಲಸ ಮಾಡೋಕೆ ಬಿಡಿ. ಸರ್ ಮುಂದೆನೇ ಎಲ್ಲಾ ಮಾಡ್ತಾಳೆ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. "ಈ ಥರದ ಮನೆಗಳಿಂದ ಬಂದೋರಿಗೆ ಎಷ್ಟು ಹೇಳಿದ್ರೂ ಅಷ್ಟೇ ಕಣಮ್ಮ. ಶಿಸ್ತು ಅನ್ನೋದೇ ಇಲ್ಲ."

ಅಕ್ಕನ ಕಿವಿಯವರೆಗೂ ಬೆಂಕಿ ಹತ್ತಿತು.

"ಹೇಳಿದ್ದು ಎಲ್ಲಿ ಮೇಡಂ? ಯಾವ ನೋಟಿಸಲ್ಲಿದೆ? ಆ ಲಾಗ್ ಬುಕ್ಕಿನ ಯಾವ ಪುಟದಲ್ಲಿ 'ಅದೇ ದಿನ ಸಹಿ ತಗೊಳ್ಳಿ' ಅಂತ ಬರ್ದಿದೆ? ತೋರಿಸಿ! ಗೊತ್ತಿರೋರಿಗೆ ಅವರ ಅಕ್ಕಂದಿರು ಹೇಳಿರ್ತಾರೆ. ಯಾರೂ ಇಲ್ಲದೋರು ವರ್ಷ ಕಳ್ಕೋಬೇಕು, ಮೇಲೆ ಶಿಸ್ತಿಲ್ಲ ಅಂತ ಅನ್ನಿಸ್ಕೋಬೇಕು! ಇದು ಯಾವ ನ್ಯಾಯ?"

"ಏಯ್, ದನಿ ತಗ್ಗಿಸು!"

"ಅವರು ಕೇಳ್ತಿರೋದು ಸರಿಯಾಗೇ ಇದೆ, ಮೇಡಂ."

ಗೋಡೆಯ ಪಕ್ಕದಿಂದ ಬಂದ ದನಿಗೆ ಇಬ್ಬರೂ ತಿರುಗಿದರು.

"ನಾನೂ ಇದೇ ಕಾಲೇಜಲ್ಲಿ ಒಂದು ವರ್ಷ ಕಳ್ಕೊಂಡಿದ್ದೀನಿ. ಇದೇ ಖಾಲಿ ಪುಸ್ತಕಕ್ಕೆ. ಆಗ ಅಪ್ಪ ಈ ಬಾಗಿಲಾಚೆ ಮೂರು ಗಂಟೆ ನಿಂತಿದ್ರು. ಒಳಗೆ ಕರೀಲಿಲ್ಲ ನೀವು." ಅವನು ಒಂದು ಹೆಜ್ಜೆ ಮುಂದೆ ಬಂದ. "ಆ ಹುಡುಗಿಗೆ ನಾನು ಸುಳ್ಳು ಸಹಿ ಹಾಕಲ್ಲ. ಆದ್ರೆ ಅವಳ ವರ್ಷ ಹೋಗೋಕೂ ಬಿಡಲ್ಲ."

ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು.

"ಶನಿವಾರ ಐದು ಗಂಟೆ. ಒಂದು ನಿಮಿಷ ಹೆಚ್ಚಿಲ್ಲ."

ಮುಂದಿನ ಎರಡು ದಿನ ಗುಬ್ಬಿಯನ್ನು ಇಬ್ಬರೂ ಸೇರಿ ಅರೆದರು ಅನ್ನಿ! ಕೈ ತೊಳೆಯುವುದನ್ನೇ ಅವನು ಮೂರು ಸಲ ಮಾಡಿಸಿದ. ಗುಬ್ಬಿ ಕಣ್ಣೀರು ಹಾಕಿದರೆ ಅಕ್ಕ ಒರೆಸಿ, ಮತ್ತೆ ಅವನ ಮುಂದೆ ತಂದು ನಿಲ್ಲಿಸಿದಳು. ಮೂರನೇ ಹಾಸಿಗೆಯ ಅಜ್ಜ, "ಬಾರಮ್ಮ, ಈ ಸೂಜಿಗೇನು ಹೆದರಲ್ಲ ನಾನು," ಎಂದು ತೋಳು ಚಾಚಿ, ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಂಡರು.

ಶನಿವಾರ ನಾಲ್ಕೂ ನಲವತ್ತಕ್ಕೆ ಹದಿನಾಲ್ಕನೇ ಸಹಿ ಬಿತ್ತು. ಗುಬ್ಬಿ ಪುಸ್ತಕವನ್ನು ಎದೆಗೊತ್ತಿಕೊಂಡು ಆಫೀಸಿನ ಕಡೆ ಓಡಿದಳು. ಕಿಟಕಿ ಮುಚ್ಚುವ ಮೊದಲೇ ಹಾಲ್ ಟಿಕೆಟ್ ಅವಳ ಕೈಯಲ್ಲಿತ್ತು!

ಹಿಂದೆಯೇ ಬಂದಿದ್ದ ಅವರಿಬ್ಬರೇ ಕಾಲೇಜಿನ ಮೆಟ್ಟಿಲ ಮೇಲೆ ಉಳಿದರು.

"ಕ್ಷಮಿಸಿ," ಅಂದಳು ಅವಳು. "ನಿಮ್ಮ ಮನೆ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡ್ದೆ. ಆದ್ರೆ ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ! ಅವತ್ತೇ ಬಿಡಿಸಿ ಹೇಳೋಕೆ ಏನಾಗಿತ್ತು?"

"ನೀವು ಎದುರಿಗೆ ಬಂದ್ರೆ ನನಗೆ ಮಾತು ಹೊರಡಲ್ಲ," ಅಂದ ಅವನು, ಮೆಟ್ಟಿಲನ್ನೇ ನೋಡುತ್ತಾ. "ಸಂಜೆ ನೀವು ಕೆಳಗೆ ಪಾಠ ಮಾಡ್ವಾಗ ಇಲ್ಲೇ ಕೂತು ಕೇಳಿಸ್ಕೊಳ್ತೀನಿ. ಮೂರು ವರ್ಷದಿಂದ. ಆ ವರ್ಷ ನನಗೂ ಇಂಥ ಒಬ್ರು ಇದ್ದಿದ್ರೆ ಅನ್ಸುತ್ತೆ... ಆಮೇಲೆ, ಇನ್ಮುಂದೆ ಇರ್ಲಿ ಅನ್ಸುತ್ತೆ. ಯಾವಾಗ್ಲೂ."

ಅವಳ ಇಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ!

"ಇಡೀ ಹಾಸ್ಟೆಲ್ಲು, ಆ ಮೂರನೇ ಹಾಸಿಗೆ ಅಜ್ಜನೂ ಸೇರಿ ನನ್ನ ಅಕ್ಕ ಅಂತಾರೆ. ನೀವೊಬ್ರೇ ಒಂದು ದಿನಾನೂ ಅನ್ಲಿಲ್ಲ. ಇದಕ್ಕೇನಾ?"

ಅವನ ಕಿವಿ ಕೆಂಪಾಯಿತು. "ಒಂದ್ಸಲ ಬಾಯಿ ತಪ್ಪಿ ಅಂದ್ಬಿಟ್ಟಿದ್ರೆ ನನ್ನ ಗತಿ ಏನಾಗ್ತಿತ್ತು ಹೇಳಿ!"

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

"ನಾಳೆ ಶೀಟು ತರೋವಾಗ ನಿಮ್ಮಮ್ಮನ ಹತ್ರ ಮಾತಾಡ್ತೀನಿ. ಅಪ್ಪನೂ ಬರ್ತಾರೆ," ಅಂದ ಅವನು ಮೆಲ್ಲಗೆ. "ನೀವೂ... ಬೆಳಗ್ಗೆ ಆರಕ್ಕೆ ಬಂದು ನೋಡ್ತೀರಾ?"

"ಬರ್ತೀನಿ," ಅಂದಳು ಅವಳು. "ನನಗೇನೂ ಹೆದರಿಕೆ ಇಲ್ಲ."