ನೀಲಿ ಅನ್ನಕ್ಕೆ ಜಾಗ

ಬೇಲಿಗೆ ಹಬ್ಬಿದ ಬಳ್ಳಿಯಿಂದ ಸುಹೈಲಾ ಶಂಖಪುಷ್ಪ ಬಿಡಿಸುತ್ತಿದ್ದಳು. ಬುಟ್ಟಿ ಅರ್ಧ ತುಂಬಿತ್ತು. ಅಷ್ಟರಲ್ಲಿ ಯಾರೋ ಬುಟ್ಟಿಯನ್ನೇ ಎಳೆದರು.

“ಹೂವು ಬಿಡೇ! ಹನ್ನೊಂದಕ್ಕೆ ನಮ್ಮ ಬಸ್ಸು. ಅಷ್ಟರಲ್ಲಿ ಇದಿಷ್ಟೂ ತಿನ್ಬೇಕು!”

ದೊಡ್ಡಪ್ಪನ ಮಗ ನೌಫಲ್. ಕ್ವಾಲಾಲಂಪುರದಿಂದ ಮೊದಲ ಸಲ ಸುಹೈಲಾಳ ಊರು ಕೋಟಾ ಭಾರುಗೆ ಬಂದಿದ್ದ. ಅವನ ಮೊಬೈಲಿನ ಲಿಸ್ಟಿನಲ್ಲಿ ನಾಲ್ಕು ತಿಂಡಿಗಳಿದ್ದವು. ಸುಹೈಲಾ ಎರಡು ಸಲ ಓದಿದಳು. ಅವಳ ತಾಯಿ ಕಡೆಯ ಅಜ್ಜಿಯ ನೀಲಿ ಅನ್ನ ಇರಲಿಲ್ಲ.

ಈ ಹೂವಿನ ನೀರಿನಲ್ಲೇ ಅಜ್ಜಿ ಅನ್ನ ಬೇಯಿಸಿ, ಮನೆಯ ಮುಂದೆ ಮೇಜು ಹಾಕಿ ಮಾರುತ್ತಿದ್ದಳು. ಅದನ್ನು ತಿನ್ನದೆ ಇವನು ಬಸ್ಸು ಹತ್ತುವುದೇ? ಆದರೆ ತಾನಾಗಿ ಕರೆಯುವುದು? ಊಹೂಂ. ಗೋಗರೆದಂತಾಗುತ್ತದೆ. ಅವನೇ ಕೇಳಲಿ. ಅಲ್ಲಿಯವರೆಗೆ ಅವನ ಹೊಟ್ಟೆಯಲ್ಲಿ ಜಾಗ ಉಳಿಸಿದರೆ ಸಾಕು!

“ಹೋಗ್ಬಾ, ಇದ್ದಷ್ಟು ಹೂವಲ್ಲೇ ಮಾಡ್ತೀನಿ,” ಎಂದಳು ಅಜ್ಜಿ.

ಮೊದಲ ಅಂಗಡಿಯಲ್ಲಿ ಟೋಸ್ಟು. ನಾಲ್ಕು ಮೂಲೆಗೆ ತೆಂಗಿನ ಜಾಮು, ನಡುವೆ ಅರೆಬೆಂದ ಮೊಟ್ಟೆ.

“ಒಂದೇ ಪ್ಲೇಟು ಸಾಕು!” ಎಂದು ಕೂಗಿದ ಸುಹೈಲಾ ಮುಕ್ಕಾಲು ಭಾಗ ತಾನೇ ತಿಂದಳು.

“ಏಯ್, ಗೆಸ್ಟು ನಾನಲ್ವಾ?”

“ನಮ್ಮೂರಲ್ಲಿ ಗೆಸ್ಟು ರುಚಿ ನೋಡ್ತಾರೆ ಅಷ್ಟೇ.”

ಮೀನಿನ ಬಿಳಿ ಸಾರಿನಲ್ಲಿ ತೇಲುವ ಅಕ್ಕಿಹಿಟ್ಟಿನ ಸುರುಳಿ, ಲಕ್ಸಮ್ ಬಂತು. ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಕೆಂಡದ ಮೇಲೆ ಸುಟ್ಟ ಕೋಳಿಯಲ್ಲಿ ಅವನಿಗೆ ರೆಕ್ಕೆ ಮಾತ್ರ ಸಿಕ್ಕಿತು. ಕೊನೆಗೆ ಮೊಟ್ಟೆಯ ಸಿಹಿ ಆಕೋ, ಐದು. ನಾಲ್ಕು ಅವಳ ಪಾಲು.

“ನಿಂದು ಹೊಟ್ಟೇನಾ, ಸೂಟ್‌ಕೇಸಾ?”

ಸುಹೈಲಾ ಏದುಸಿರು ಬಿಡುತ್ತಾ ಮನೆಯ ದಾರಿ ಹಿಡಿದಳು.

ಮನೆಗೆ ಬಂದವಳೇ ಪಾತ್ರೆಯ ಮುಚ್ಚಳ ತೆಗೆದಳು. ಅನ್ನದ ಬಣ್ಣ ಒಗೆದೊಗೆದು ಮಾಸಿದ ಯೂನಿಫಾರ್ಮಿನಂತಿತ್ತು. ಅರ್ಧ ಬುಟ್ಟಿ ಹೂವು! ಇದನ್ನು ನೌಫಲ್‌ಗೆ ತೋರಿಸುವುದು ಹೇಗೆ?

ಸೈಕಲ್ಲಿನಲ್ಲಿ ಮೀನು ಮಾರುವವನು ಹೋಗುತ್ತಿದ್ದ.

“ಬಾರಪ್ಪಾ, ಉಣ್ಣು!” ಅಜ್ಜಿ ಕರೆದಳು.

“ಏನು ಮೆಕ್ ಸೋಮ್, ಇವತ್ತು ನಿನ್ನ ಅನ್ನಕ್ಕೆ ಮೋಡ ಕವಿದಿದೆ?” ಊರವರು ಅಜ್ಜಿಯನ್ನು ಕರೆಯುವ ಹೆಸರಿನಲ್ಲೇ ಅವನು ಕೇಳಿದ.

“ಹೂವು ಬಿಡಿಸೋಳು ಊರು ಸುತ್ತೋಕೆ ಹೋಗಿದ್ಲು. ಬಣ್ಣ ಕಮ್ಮಿ, ಅನ್ನ ಅದೇ. ಕೂತ್ಕೋ.”

ಅವನು ನಗುತ್ತಾ ಕೂತ. ಅಜ್ಜಿ ಪೋಸ್ಟ್‌ಮನ್‌ನನ್ನೂ ಕರೆದಳು. ಅವನು ಕೈಬೀಸಿ ಮುಂದೆ ಹೋದ. ಸುಹೈಲಾ ಅಜ್ಜಿಯ ಮುಖ ನೋಡಿದಳು. ಅಲ್ಲಿ ಬೇಸರದ ಸುಳಿವೂ ಇರಲಿಲ್ಲ. ಅಷ್ಟರಲ್ಲಿ ಅಜ್ಜಿ ಪಕ್ಕದ ಮನೆಯವಳನ್ನು ಕೂಗುತ್ತಿದ್ದಳು.

ದೊಡ್ಡಪ್ಪ ಬ್ಯಾಗು ಹೊರಗಿಟ್ಟರು. ನೌಫಲ್ ಮೆಟ್ಟಿಲ ಮೇಲೆ ಕೂತು ಶೂ ಹಾಕತೊಡಗಿದ. ಒಂದು ಕಾಲಿನ ಲೇಸು ಕಟ್ಟಿಯಾಯಿತು.

ಸುಹೈಲಾ ಬಾಳೆಲೆಯ ತುಂಡೊಂದನ್ನು ಒರೆಸಿದಳು.

“ಅಣ್ಣಾ, ನಮ್ಮಜ್ಜಿ ಮಾಡಿರೋ ಅನ್ನ ಉಣ್ತೀಯಾ?”