ಒದ್ದೆ ಟವೆಲ್ಲಿನ ಸೀಟು

ನಂದಗುಡಿ ಹೋಬಳಿಯಲ್ಲಿ ನನ್ನಷ್ಟು ಬಸ್ಸು ಮಾತಾಡಿಕೊಟ್ಟ ಗಂಡಸು ಇನ್ನೂ ಹುಟ್ಟಿಲ್ಲ. ಅಕ್ಕನ ಮಗಳು ಸಿಂಚನಳ ಬೀಗರೂಟಕ್ಕೆ ತ್ಯಾಮಗೊಂಡ್ಲಿಗೆ ಹೋಗಲು ಅರಮನೆಯಂಥ ಬಸ್ಸನ್ನೇ ಗೊತ್ತು ಮಾಡಿದ್ದೆ. ನೆಲ ಬಿರಿಯುವ ಬಿಸಿಲು. ಕಿಟಕಿ ಪಕ್ಕದ ಒಂದು ಸೀಟಿನಲ್ಲಿ, ಯಾರೋ ಜಾಗ ಹಿಡಿಯಲು ಹಾಕಿದಂತೆ ಒದ್ದೆ ಟವೆಲ್ ಇತ್ತು. ಕೇಳಿದರೆ ಯಾರದ್ದೂ ಅಲ್ಲ. ಕಿಟಕಿಯಿಂದಾಚೆ, ಕೆರೆ ದಾಟುವಂತೆ ಬೀಸಿ ಎಸೆದೆ. ತಿರುಗಿದರೆ ಸೀಟಿನ ಮೇಲೇ ಇತ್ತು, ನೀರು ತೊಟ್ಟಿಕ್ಕುತ್ತಿತ್ತು.

ಹತ್ತಿದವರೆಲ್ಲ ದಡದಡ ಇಳಿದುಬಿಟ್ಟರು.

"ಬೇರೆ ಗಾಡಿ ತರ್ಸೋ ವಸಂತ," ಅಂದಳು ಅಕ್ಕ.

"ಅಷ್ಟೊತ್ಗೆ ಊಟ ಮುಗ್ದಿರುತ್ತೆ ಕಣಕ್ಕಾ. ತೌರಿಂದ ಒಬ್ರೂ ಬರ್ಲಿಲ್ಲ ಅಂತ ಸಿಂಚನ ತಲೆ ತಗ್ಗಿಸ್ಬೇಕಾ? ಹತ್ರೀ ಎಲ್ಲಾ!" ಎಂದು ನಾನೇ ಟವೆಲ್ಲಿನ ಪಕ್ಕ ಕೂತೆ.

ಬಸ್ಸು ಹೊರಟಿತು. ಎಡಭುಜಕ್ಕೆ ಬಾವಿಯೊಳಗಿನ ಚಳಿ ತಾಗಿತು. ಕಿಟಕಿ ಗಾಜಿನ ಒಳಬದಿಯಲ್ಲಿ ಉಸಿರಿನ ಮಂಜು ಕಟ್ಟುತ್ತಿತ್ತು, ಕರಗುತ್ತಿತ್ತು. ದೊಡ್ಡಬಳ್ಳಾಪುರ ದಾಟುವಾಗ ಒಂದು ತಲೆಯಷ್ಟು ಭಾರ ನನ್ನ ಭುಜಕ್ಕೆ ಒರಗಿತು. ಹುಲಿಯನ್ನೇ ಗದರಿಸಬಲ್ಲ ನಾನೂ ಭುಜ ಅಲುಗಿಸದೆ ಕೂತೆ.

"ಮಲ್ಕೋ ಗುರು," ಅಂದೆ ಮೆಲ್ಲಗೆ. "ಆದ್ರೆ ಗಾಡಿ ನಿಲ್ಸಿದ್ಯೋ, ನಾನು ಸುಮ್ನಿರಲ್ಲ."

ಬಸ್ಸು ಎಲ್ಲೂ ನಿಲ್ಲಲಿಲ್ಲ. ಬೀಗರ ಮನೆ ಬಾಗಿಲಲ್ಲೇ ಕಾದಿದ್ದ ಸಿಂಚನ ನಮ್ಮನ್ನು ಕಂಡು ಓಡಿಬಂದಳು. ನಾನು ಇಡೀ ಕುರಿಯನ್ನೇ ತಿಂದೆ.

ಮುಂದಿನ ಮದುವೆಗೂ ಆ ಬಸ್ಸನ್ನೇ ಮಾತಾಡಿದ್ದೇನೆ, ಯಾರು ಬೇಡವೆಂದರೂ ಸರಿ. ಆದರೆ ಅಂದಿನಿಂದ ನಾನು ಯಾವ ಅಂಗಿ ತೊಟ್ಟರೂ ಎಡಭುಜ ಒದ್ದೆಯಾಗುತ್ತದೆ.